ಚೀಸ್ ಮತ್ತು ಉಪ್ಪುಮಾಂಸದ ತಟ್ಟೆಗೆ ಯಾವ ಜಾಮ್ ಹೊಂದುತ್ತದೆ?

ಶಾರ್ಕ್ಯುಟರಿ ಬೋರ್ಡ್ ಎಂದರೆ ಉಪ್ಪು ಹಾಕಿ ಹದಮಾಡಿದ ಮಾಂಸ, ಚೀಸ್, ಬಿಸ್ಕತ್ತುಗಳನ್ನು ಹಲಗೆಯ ಮೇಲೆ ಜೋಡಿಸಿಡುವುದು. ಮಾಂಸ, ಚೀಸ್ ಎರಡರಲ್ಲೂ ಉಪ್ಪು, ಕೊಬ್ಬು ಹೆಚ್ಚು. ನಾಲ್ಕು ತುತ್ತಿಗೆ ನಾಲಿಗೆಗೆ ಜಿಡ್ಡು ಅಂಟಿದಂತಾಗುತ್ತದೆ. ಅದನ್ನು ಬಿಡಿಸುವುದು ಜಾಮಿನ ಹುಳಿ. ಬರೀ ಸಿಹಿಯಿಂದ ಆಗದು. ಹಾಗಾಗಿ ಅಂಗಡಿಯ ಮಿಕ್ಸೆಡ್ ಫ್ರೂಟ್ ಜಾಮನ್ನು ನಾನಂತೂ ಇಡುವುದಿಲ್ಲ, ಅದು ಮಕ್ಕಳ ಚಪಾತಿಗೆ ಸರಿ.

ಘಾಟು ವಾಸನೆಯ ಬ್ಲೂ ಚೀಸ್‌ಗೆ ಅಂಜೂರ, ಮೆತ್ತನೆಯ ಬ್ರೀ ಚೀಸ್‌ಗೆ ಏಪ್ರಿಕಾಟ್. ಸ್ಪೇನಿನವರು ಮಾಂಚೇಗೊ ಎಂಬ ಕುರಿಹಾಲಿನ ಚೀಸ್ ಜೊತೆ ಕ್ವಿನ್ಸ್ ಹಣ್ಣಿನ ಗಟ್ಟಿ ಪಾಕ ತಿನ್ನುತ್ತಾರೆ. ದಾವಣಗೆರೆಯಲ್ಲಿ ಕ್ವಿನ್ಸ್ ಎಲ್ಲಿಂದ ತರುವುದು? ಪೇರಲ ಹಣ್ಣು ಸಾಕು, ಅದರಲ್ಲೂ ಪಾಕವನ್ನು ಗಟ್ಟಿಯಾಗಿಸುವ ಪೆಕ್ಟಿನ್ ಧಾರಾಳ. ಬೇಯಿಸಿ, ಬೀಜ ಸೋಸಿ, ತಿರುಳಿನ ಮುಕ್ಕಾಲು ತೂಕದಷ್ಟು ಸಕ್ಕರೆ, ನಿಂಬೆರಸ ಹಾಕಿ, ಸೌಟು ಎಳೆದಾಗ ಪಾತ್ರೆಯ ತಳ ಕಾಣುವವರೆಗೆ ಕೈಯಾಡಿಸಿ. ತಣಿದ ಮೇಲೆ ಬರ್ಫಿಯಂತೆ ಕತ್ತರಿಸಬಹುದು.

ಸಲಾಮಿಗೆ, ಅಂದರೆ ಹದಮಾಡಿ ಒಣಗಿಸಿದ ಮಾಂಸದ ಸಾಸೇಜಿಗೆ, ಮಾತ್ರ ಖಾರದ ಜಾಮ್ ಬೇಕು. ಟೊಮೆಟೊ ಜಾಮಿಗೆ ಕುಟ್ಟಿದ ಒಣಮೆಣಸಿನಕಾಯಿ ಬೆರೆಸಿ. ಮಿರ್ಚಿ ಮಂಡಕ್ಕಿ ತಿಂದು ಬೆಳೆದ ನಮ್ಮೂರಿನ ನಾಲಿಗೆಗೆ ಇದು ಮೊದಲ ತುತ್ತಿಗೇ ಹಿಡಿಸುತ್ತದೆ. ಮಾಂಸ ತಿನ್ನದವರಿಗೆ ಅದನ್ನೇ ಹುರಿದ ಪನೀರ್ ಮೇಲಿಟ್ಟು ಕೊಡಿ.

ಐದಾರು ಜನರಿಗೆ ಎರಡು ಬಗೆ ಸಾಕು. ಚಿಕ್ಕ ಬಟ್ಟಲಿನಲ್ಲಿಡಿ, ಹಲಗೆಯ ಮೇಲೆಯೇ ಸುರಿದರೆ ಏಪ್ರಿಲ್ ಸೆಖೆಗೆ ಹರಿದು ಬಿಸ್ಕತ್ತನ್ನೆಲ್ಲ ಮೆತ್ತಗೆ ಮಾಡುತ್ತದೆ.