ಗುರುವಾರ ರಾತ್ರಿ ಗಾಡಿ ಹತ್ತಲೇ?

ಪ್ರಶ್ನೆ: ನನಗೆ 23 ವರ್ಷ. ಬಡ ಪಾದ್ರಿಯೊಬ್ಬರ ಮಗಳು. ಎರಡು ವರ್ಷದಿಂದ ವೈಕೌಂಟ್ ಬಿರುದಿನ ಶ್ರೀಮಂತರೊಬ್ಬರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಗವರ್ನೆಸ್ ಆಗಿದ್ದೇನೆ. ಊಟ, ವಸತಿ ಬಿಟ್ಟು ವರ್ಷಕ್ಕೆ 25 ಪೌಂಡ್ ಸಂಬಳ. ಮನೆಯ ಎರಡನೇ ಮಗ ನನ್ನನ್ನು ಮದುವೆಯಾಗುತ್ತೇನೆ ಎನ್ನುತ್ತಾರೆ. ನನಗೂ ಅವರ ಮೇಲೆ ಪ್ರೀತಿಯಿದೆ. ಆದರೆ ಅವರಿಗೆ 21 ತುಂಬಲು ಇನ್ನೂ ಒಂಬತ್ತು ತಿಂಗಳು ಬೇಕು, ತಂದೆಯಂತೂ ಒಪ್ಪುವವರಲ್ಲ. ಬರುವ ಗುರುವಾರ ರಾತ್ರಿ ತೋಟದ ಗೇಟಿಗೆ ಗಾಡಿ ತರಿಸುತ್ತೇನೆ, ಸ್ಕಾಟ್ಲೆಂಡಿನ ಗಡಿಯಾಚೆಯ ಗ್ರೆಟ್ನಾ ಗ್ರೀನ್‌ಗೆ ಹೋಗಿಬಿಡೋಣ ಎಂದಿದ್ದಾರೆ. ಹೋಗಲೇ, ಬೇಡವೇ?
ಹೆಸರು ಬೇಡ, ವಿಲ್ಟ್‌ಷೈರ್, ಮೇ 1816

ಉತ್ತರ: ಬೇಡ ತಂಗಿ. ಹುಡುಗ ಬೇಡ ಅಂತಲ್ಲ, ಗುರುವಾರ ಬೇಡ.

ಅವರು ಹೇಳುವ ಕಾನೂನೇನೋ ಸರಿಯಾಗಿಯೇ ಇದೆ. 21 ತುಂಬದವರಿಗೆ ಅಪ್ಪನ ಒಪ್ಪಿಗೆ, ಚರ್ಚಿನಲ್ಲಿ ಮದುವೆ ಎಂದೆಲ್ಲ ಕೇಳುವ 1753ರ ಹಾರ್ಡ್‌ವಿಕ್ ಕಾಯ್ದೆ ಇಂಗ್ಲೆಂಡ್, ವೇಲ್ಸ್‌ಗಷ್ಟೇ ಅನ್ವಯ. ಸ್ಕಾಟ್ಲೆಂಡಿನ ಗಡಿ ದಾಟಿದರೆ ಅಪ್ಪನ ಒಪ್ಪಿಗೆ ಬೇಕಿಲ್ಲ, ಪಾದ್ರಿಯೂ ಬೇಕಿಲ್ಲ. ಸಾಕ್ಷಿಗಳ ಎದುರು ‘ನಾವು ಗಂಡ ಹೆಂಡಿರು’ ಎಂದರೆ ಮುಗಿಯಿತು. ಹಾಗೆ ಆದ ಮದುವೆಯನ್ನು ಇಂಗ್ಲೆಂಡಿನ ಕೋರ್ಟುಗಳೂ ಮಾನ್ಯ ಮಾಡುತ್ತವೆ.

ಖರ್ಚಿನ ಲೆಕ್ಕ ಹಾಕಿದ್ದಾರೆಯೇ? ನಿಮ್ಮಲ್ಲಿಂದ ಗ್ರೆಟ್ನಾಕ್ಕೆ ಸುಮಾರು 300 ಮೈಲಿ. ಜೋಡಿ ಕುದುರೆಯ ಬಾಡಿಗೆ ಗಾಡಿಗೆ ಮೈಲಿಗೆ ಒಂದೂವರೆ ಷಿಲಿಂಗ್ ಹಿಡಿದರೆ 450 ಷಿಲಿಂಗ್, ಅಂದರೆ 22 ಪೌಂಡ್ 10 ಷಿಲಿಂಗ್. ಹತ್ತು ಹದಿನೈದು ಮೈಲಿಗೊಮ್ಮೆ ಕುದುರೆ ಬದಲಾಗುತ್ತದೆ. ಪ್ರತಿ ಹಂತದಲ್ಲೂ ಕುದುರೆ ಹೊಡೆಯುವ ಹುಡುಗನಿಗೆ ಭಕ್ಷೀಸು, ಟರ್ನ್‌ಪೈಕ್ ಗೇಟುಗಳಲ್ಲಿ ಸುಂಕ, ದಾರಿಯಲ್ಲಿ ಊಟ. ನಿಮ್ಮ ಒಂದು ವರ್ಷದ ಸಂಬಳಕ್ಕಿಂತ ಹೆಚ್ಚಾಯಿತು, ಅದೂ ಹೋಗುವುದಕ್ಕೆ ಮಾತ್ರ. ಗಂಟೆಗೆ ಏಳೆಂಟು ಮೈಲಿಯಂತೆ ನಿಲ್ಲದೆ ಓಡಿದರೂ ನಲವತ್ತು ಗಂಟೆ. ಮದುವೆಗೆ ಮುಂಚೆ ಎರಡು ರಾತ್ರಿ ಆ ಗಾಡಿಯಲ್ಲಿ ಕಳೆದಿರುತ್ತೀರಿ. ಲ್ಯಾಂಕಷೈರಿನಲ್ಲಿ ಚಕ್ರ ಮುರಿದರೆ, ಇಲ್ಲವೇ ಅವರಪ್ಪ ಹಿಂದೆಯೇ ಬಂದು ಮಗನನ್ನು ಕರೆದುಕೊಂಡು ಹೋದರೆ, ಆ ಮನೆಗೆ ನೀವು ವಾಪಸು ಹೋಗುವಂತಿಲ್ಲ. ನಡತೆಯ ಪತ್ರವಿಲ್ಲದೆ ಇನ್ನೊಂದು ಮನೆಯಲ್ಲಿ ಕೆಲಸವೂ ಸಿಗುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಇದೆಲ್ಲ ಸುಸೂತ್ರವಾಗಿ ಕಳೆಯಿತು ಅಂತಲೇ ಇಟ್ಟುಕೊಳ್ಳಿ. ನನಗೆ ಚಿಂತೆಯಿರುವುದು ಅದರ ಮುಂದಿನದು. ಓಡಿಹೋಗಿ ಆಗುವ ಮದುವೆಯಲ್ಲಿ, ಹೆಂಡತಿ ಮಕ್ಕಳಿಗೆ ಇಂತಿಷ್ಟು ಎಂಬ ಸೆಟಲ್‌ಮೆಂಟ್ ಪತ್ರ ಬರೆಯಲು ಪುರುಸೊತ್ತೇ ಇರುವುದಿಲ್ಲ. ನಮ್ಮ ಕಡೆ ಸ್ತ್ರೀಧನ ಹೆಂಗಸಿನದೇ ಸ್ವತ್ತು. ನಿಮ್ಮ ಕಾನೂನಿನಲ್ಲಿ ಹಾಗಿಲ್ಲ. ಉಂಗುರ ಬೆರಳಿಗೇರಿದ ಗಳಿಗೆಯಿಂದ ನೀವು ಕೂಡಿಟ್ಟ ನಾಲ್ಕು ಕಾಸು, ಪೆಟ್ಟಿಗೆಯಲ್ಲಿರುವ ಪುಸ್ತಕ, ಮೈಮೇಲಿನ ಶಾಲು ಎಲ್ಲವೂ ಗಂಡನದು. ಅವರು ತೀರಿಕೊಂಡರೆ ನಿಮಗೇನು ಎಂಬುದನ್ನು ಮದುವೆಗೆ ಮುಂಚೆಯೇ ಬರೆಸಿಕೊಳ್ಳಬೇಕು. ಆಮೇಲೆ ಬರೆದ ಪತ್ರವನ್ನು ಗಂಡನ ಸಾಲಗಾರರು ಬಂದು ಮುರಿಯಬಹುದು. ಮುಂಚೆ ಬರೆದದ್ದಕ್ಕೆ ಮದುವೆಯೇ ಪ್ರತಿಫಲ ಎಂದು ಕಾನೂನು ಒಪ್ಪುವುದರಿಂದ ಅದು ನಿಲ್ಲುತ್ತದೆ.

ಅದಕ್ಕೆ ಹುಡುಗನಿಗೊಂದು ಕೆಲಸ ಹಚ್ಚಿ. ಅವರ ಅಪ್ಪ ಅಮ್ಮನ ಮದುವೆಯ ಹೊತ್ತಿನ ಸೆಟಲ್‌ಮೆಂಟ್‌ನಲ್ಲಿ ಏನಿದೆ ಎಂದು ಮನೆಯ ವಕೀಲರಿಂದ ತಿಳಿದುಕೊಂಡು ಬರಲಿ. ಇಂಥ ಮನೆತನಗಳಲ್ಲಿ ಎಸ್ಟೇಟು ಇಡಿಯಾಗಿ ಹಿರಿಮಗನಿಗೆ, ಕಿರಿಯರಿಗೆಲ್ಲ ಸೇರಿ ಇಂತಿಷ್ಟು ಹಣ ಎಂದು ಬರೆದಿಡುವುದು ರೂಢಿ. ಆ ಹಣದ ಮೇಲೆ ಹಕ್ಕು ಸಾಮಾನ್ಯವಾಗಿ 21ಕ್ಕೆ ಬರುತ್ತದೆ, ಕೈಸೇರುವುದು ಹೆಚ್ಚಾಗಿ ಅಪ್ಪನ ಕಾಲಾನಂತರ. ಅಲ್ಲದೆ ಯಾರಿಗೆಷ್ಟು ಎಂದು ಹಂಚುವ ಅಧಿಕಾರ ಎಷ್ಟೋ ಕಡೆ ಅಪ್ಪನದೇ. ಒಂಬತ್ತು ತಿಂಗಳ ಮುಂಚೆ ಆ ಅಪ್ಪನನ್ನು ಕೆಣಕುವುದು ಜಾಣತನವಲ್ಲ.

ಹುಡುಗನ ಪಾಲಿಗೆ 5000 ಪೌಂಡ್ ಬಂತು ಅನ್ನೋಣ. ಸರ್ಕಾರಿ ಸಾಲಪತ್ರದಲ್ಲಿ ಹಾಕಿದರೆ ಶೇಕಡಾ 5ರಂತೆ ವರ್ಷಕ್ಕೆ 250. ಸಣ್ಣ ಮನೆ, ಒಬ್ಬಿಬ್ಬರು ಕೆಲಸದವರು. ಸ್ವಂತ ಗಾಡಿಯ ಮಾತು ಬೇಡ. ಕುದುರೆಲಾಯದಲ್ಲೇ ಬೆಳೆದ ಹುಡುಗ ಇದನ್ನು ನಗುನಗುತ್ತಾ ಒಪ್ಪುತ್ತಾರೋ ಇಲ್ಲವೋ, ನೀವೇ ಬಲ್ಲಿರಿ. ಆ 5000ದಲ್ಲಿ 3000ವನ್ನು ಇಬ್ಬರು ಟ್ರಸ್ಟಿಗಳ ಹೆಸರಿಗೆ ಬರೆಸಿ. ಬಡ್ಡಿ ಅವರಿರುವ ತನಕ ಅವರಿಗೆ, ನಂತರ ನೀವಿರುವ ತನಕ ನಿಮಗೆ, ಆಮೇಲೆ ಅಸಲು ಮಕ್ಕಳಿಗೆ. ಟ್ರಸ್ಟಿಗಳಲ್ಲಿ ಒಬ್ಬರಾದರೂ ನಿಮ್ಮ ಕಡೆಯವರಿರಲಿ. ಇಬ್ಬರೂ ಹುಡುಗನ ಕಾಲೇಜು ಗೆಳೆಯರಾದರೆ ಅಸಲು ಕುದುರೆ ರೇಸಿಗೆ ಹೋದೀತು. ಹೆಣ್ಣು ತಂದ ಪ್ರತಿ ಸಾವಿರಕ್ಕೆ ವರ್ಷಕ್ಕೆ ನೂರರಂತೆ ವಿಧವಾವೇತನ ಎಂಬ ಲೆಕ್ಕವನ್ನು ವಕೀಲರು ಮುಂದಿಡುತ್ತಾರೆ. ಆ ಲೆಕ್ಕದಲ್ಲಿ ನಿಮಗೆ ಸೊನ್ನೆ, ಅದಕ್ಕೇ ಅದನ್ನು ಒಪ್ಪಬೇಡಿ.

ದುಡಿಮೆಯ ದಾರಿಯೂ ಅಪ್ಪನ ಮನೆಬಾಗಿಲಿನಿಂದಲೇ ಹಾಯುತ್ತದೆ. ಸೈನ್ಯ ಸೇರಲು ಕಾಲ್ದಳದ ಅತಿ ಕೆಳಗಿನ ಅಧಿಕಾರಿ ಹುದ್ದೆಗೇ 400 ಪೌಂಡ್ ಕೊಡಬೇಕು. ವಾಟರ್ಲೂ ಯುದ್ಧ ಮುಗಿದ ಮೇಲೆ ರೆಜಿಮೆಂಟುಗಳನ್ನೇ ಕಡಿಮೆ ಮಾಡುತ್ತಿದ್ದಾರೆ, ಅಧಿಕಾರಿಗಳು ಅರ್ಧ ಸಂಬಳದಲ್ಲಿ ಮನೆಯಲ್ಲಿ ಕೂತಿದ್ದಾರೆ. ಚರ್ಚಿನ ದೀಕ್ಷೆಗೆ 23 ತುಂಬಬೇಕು. ಅದಾದ ಮೇಲೂ ಒಳ್ಳೆಯ ಆದಾಯದ ಚರ್ಚು ಸಿಗಬೇಕಲ್ಲ? ಎಷ್ಟೋ ಚರ್ಚುಗಳಿಗೆ ಪಾದ್ರಿಯನ್ನು ನೇಮಿಸುವ ಹಕ್ಕು ವೈಕೌಂಟರಂಥ ಜಮೀನುದಾರರದೇ.

ಗ್ರೆಟ್ನಾ ಬೇಡವೆಂದರೆ ಅವರು ಲಂಡನ್ನಿನ ಮಾತೆತ್ತಬಹುದು. 21 ಆಗಿದೆ ಎಂದು ಸುಳ್ಳು ಪ್ರಮಾಣ ಮಾಡಿ ಮದುವೆಯ ಲೈಸೆನ್ಸ್ ತರುತ್ತೇನೆ ಎಂದರೆ ಕಿವಿಗೆ ಹಾಕಿಕೊಳ್ಳಬೇಡಿ. ತಂದೆಯ ಒಪ್ಪಿಗೆಯಿಲ್ಲದ ಅಪ್ರಾಪ್ತರ ಲೈಸೆನ್ಸ್ ಮದುವೆ ಮೊದಲ ದಿನದಿಂದಲೇ ಅಸಿಂಧು. ಹತ್ತು ವರ್ಷ ಸಂಸಾರ ಮಾಡಿದ ಮೇಲೂ ಮಕ್ಕಳು ಅಕ್ರಮ ಸಂತಾನ ಎನಿಸಿಕೊಳ್ಳಬಹುದು. ಗ್ರೆಟ್ನಾಕ್ಕಿಂತ ಇದು ಕೆಟ್ಟದ್ದು.

ನಟಿ ಎಲಿಜಬೆತ್ ಫ್ಯಾರನ್ 1797ರಲ್ಲಿ ಡರ್ಬಿಯ ಅರ್ಲ್ ಬಿರುದಿನ ಶ್ರೀಮಂತನನ್ನು, ಲೂಯಿಸಾ ಬ್ರಂಟನ್ 1807ರಲ್ಲಿ ಕ್ರೇವನ್ ಅರ್ಲ್‌ನನ್ನು ಮದುವೆಯಾಗಲಿಲ್ಲವೇ ಎಂದು ಹುಡುಗ ಕೇಳಬಹುದು. ಆದರು, ನಿಜ. ಆ ಗಂಡಸರು ಆಗಲೇ ಅರ್ಲ್‌ಗಳು. ಆಸ್ತಿ ಕೈಯಲ್ಲಿತ್ತು, ಕೇಳಬೇಕಾದ ಅಪ್ಪ ಇರಲಿಲ್ಲ. ಎರಡನೇ ಮಗನಿಗೆ ಆ ಉದಾಹರಣೆ ಹೊಂದುವುದಿಲ್ಲ.

ಅಂತಸ್ತಿನ ಬಗ್ಗೆ ನೀವು ಅಂಜಿದಷ್ಟು ನಾನು ಅಂಜುವುದಿಲ್ಲ. ಹೆಂಡತಿಗೆ ಗಂಡನ ದರ್ಜೆಯೇ ಬರುತ್ತದೆ. ಈಗ ಮಕ್ಕಳ ಜೊತೆ ಮಹಡಿಯ ಪಾಠದ ಕೋಣೆಯಲ್ಲಿ ತಟ್ಟೆ ಹಿಡಿಯುತ್ತೀರಿ. ಮದುವೆಯಾದ ಮಾರನೆಯ ದಿನ ಊಟದ ಮನೆಗೆ ದರ್ಜೆಯ ಪ್ರಕಾರ ಸಾಲಾಗಿ ಹೋಗುವಾಗ ಪಕ್ಕದೂರಿನ ಬ್ಯಾರನೆಟ್‌ನ ಹೆಂಡತಿ ನಿಮ್ಮ ಹಿಂದೆ ನಡೆಯಬೇಕು. ಆ ಸಾಲಿನಲ್ಲಿ ನಿಮ್ಮನ್ನು ಹಿಂದಕ್ಕೆ ಸರಿಸುವುದು ಯಾರಿಂದಲೂ ಆಗದು. ಕರೆಯದೇ ಇರಬಹುದು, ಅಷ್ಟೇ. ಕರೆಯುತ್ತಾರೋ ಇಲ್ಲವೋ ಎಂಬುದು ಅತ್ತೆಯ ಕೈಲಿದೆ. ಅವರು ನಿಮ್ಮನ್ನು ನೋಡಲು ಒಮ್ಮೆ ಬಂದು ಹೋದರೆ ಊರೇ ಬರುತ್ತದೆ. ಓಡಿಬಂದ ಸೊಸೆಯ ಮನೆಗೆ ಅವರ ಗಾಡಿ ಬರುವುದು ಕಷ್ಟ.

ಈಗ ಮಾಡಬೇಕಾದ್ದು. ಜೂನ್ 24ರ ಕಂತಿನ ಸಂಬಳ ಕೈಗೆ ಬಂದ ಮೇಲೆ, ‘ಮನೆಯಲ್ಲಿ ತಂದೆಗೆ ನನ್ನ ಅಗತ್ಯವಿದೆ’ ಎಂದು ಹೇಳಿ ಕೆಲಸ ಬಿಡಿ. ನಡತೆಯ ಪತ್ರವನ್ನು ಹೊರಡುವ ಮುಂಚೆಯೇ ಬರೆಸಿಕೊಳ್ಳಿ. ವಿಷಯ ಬಯಲಾಗುವ ಹೊತ್ತಿಗೆ ನೀವು ಅವರ ಸೂರಿನಡಿ ಇರಬಾರದು. ಆ ಮನೆಯಲ್ಲಿರುವ ತನಕ ಕಾಗದ ಬರೆಯಬೇಡಿ. ಅಂಚೆಚೀಲ ಬಿಚ್ಚುವುದು ಯಜಮಾನರ ಎದುರೇ, ಮಗನ ಅಕ್ಷರ ಅವರಿಗೆ ಗೊತ್ತು.

21 ತುಂಬಿದ ಮೇಲೆ, ಅವರು ನಿಮ್ಮ ತಂದೆಯ ಮನೆಗೆ ಬಂದು ಕೇಳಲಿ. ಮದುವೆಯ ಮಾತನ್ನು ಅಂದು ಹೊಸದಾಗಿ, ತಾರೀಕು ಹಾಕಿ ಬರೆದುಕೊಡಲಿ. ಅಪ್ರಾಪ್ತನ ಮಾತಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ, ಈಗ ಎಷ್ಟು ಆಣೆ ಪ್ರಮಾಣ ಮಾಡಿದರೂ ಮಾತು ಮುರಿದರೆಂದು ನೀವು ದಾವೆ ಹೂಡುವಂತಿಲ್ಲ. ಸೆಟಲ್‌ಮೆಂಟ್ ಪತ್ರಕ್ಕೆ ಸಹಿ ಬಿದ್ದ ಮೇಲೆ ಎರಡೂ ಊರಿನ ಚರ್ಚುಗಳಲ್ಲಿ ಮೂರು ಭಾನುವಾರ, ಮದುವೆಯಾಗುವವರೆಂದು ನಿಮ್ಮಿಬ್ಬರ ಹೆಸರು ಕೂಗಿಸಿ, ಬೆಳಿಗ್ಗೆ 8ರಿಂದ 12ರೊಳಗೆ, ಇಬ್ಬರು ಸಾಕ್ಷಿಗಳ ಎದುರು ಮದುವೆ. ನಿಮ್ಮಪ್ಪನೇ ಮಂತ್ರ ಹೇಳಬಹುದಲ್ಲ!

ಗುರುವಾರದ ತನಕ ಕಾಯಿಸಬೇಡಿ. ನಾಳೆಯೇ ಮಕ್ಕಳನ್ನು ತೋಟಕ್ಕೆ ಕರೆದೊಯ್ದಾಗ ಬಾಯಿಮಾತಿನಲ್ಲಿ ಹೇಳಿಬಿಡಿ, ಚೀಟಿ ಬೇಡ. ಗಾಡಿಗೆ ಕೊಟ್ಟ ಮುಂಗಡ ಹೋದರೆ ಹೋಗಲಿ. ಒಂಬತ್ತು ತಿಂಗಳು ಎಂದ ಕೂಡಲೇ ಅವರ ಮುಖ ಹೇಗಾಗುತ್ತದೆ, ಸರಿಯಾಗಿ ನೋಡಿಕೊಳ್ಳಿ.