ಹಳೆಯ ಕನ್ನಡ ಕಾಮಿಕ್ಸ್‌ಗೆ ಇಸ್ತ್ರಿ ಹಾಕಬಹುದೇ? ಗ್ರೇಡಿಂಗ್‌ಗೆ ಕಳಿಸಬೇಕೇ?

ಪೆರ್ಲದ ಅಜ್ಜನ ಮನೆಯ ಅಟ್ಟದಲ್ಲಿ ಒಂದು ಟ್ರಂಕು ತುಂಬ ಕನ್ನಡ ಇಂದ್ರಜಾಲ ಕಾಮಿಕ್ಸ್ ಮತ್ತು ಅಮರ ಚಿತ್ರಕಥೆ ಸಿಕ್ಕಿವೆ ಎಂದು ಬರೆದಿದ್ದೀರಿ. ಪುಸ್ತಕಗಳು ಬಾಗಿವೆ, ಪಿನ್ನುಗಳಿಗೆ ತುಕ್ಕು ಹಿಡಿದಿದೆ. ಇಸ್ತ್ರಿ ಹಾಕಿ ನೇರ ಮಾಡಿ ಗ್ರೇಡಿಂಗ್‌ಗೆ, ಅಂದರೆ ಪುಸ್ತಕದ ಸ್ಥಿತಿ ನೋಡಿ ಅಂಕ ಕೊಡುವವರಿಗೆ, ಕಳಿಸಿದರೆ ಒಳ್ಳೆ ಬೆಲೆ ಬರುತ್ತದಾ ಎಂಬುದು ನಿಮ್ಮ ಪ್ರಶ್ನೆ.

ಇಸ್ತ್ರಿಪೆಟ್ಟಿಗೆ ದಯವಿಟ್ಟು ಬೇಡ. ಹತ್ತಿ ಬಟ್ಟೆಗೆ ಇಡುವ ಬಿಸಿ ಸುಮಾರು 200 ಡಿಗ್ರಿ ಮುಟ್ಟುತ್ತದೆ. ಹಳೆಯ ಮುಖಪುಟದ ಶಾಯಿ ಮತ್ತು ಹೊಳಪು ಅಷ್ಟು ಬಿಸಿಯನ್ನು ತಾಳುವುದಿಲ್ಲ. ಮೇಲಾಗಿ ಇಸ್ತ್ರಿಯ ಒತ್ತಡ ಎಲ್ಲ ಕಡೆ ಒಂದೇ ಥರ ಬೀಳುವುದಿಲ್ಲ. ಒಂದು ಸುಕ್ಕು ಹೋಗಿ ಪಕ್ಕದಲ್ಲಿ ಇನ್ನೊಂದು ಬರುತ್ತದೆ.

ನಾನು ಬದಿಯಡ್ಕದ ಹತ್ತಿರ ಇರುವವನು. ನನ್ನ ಸಂಗ್ರಹದ ಕಾಮಿಕ್ಸನ್ನೂ ಗೆಳೆಯರದ್ದನ್ನೂ ಹದವಾದ ಬಿಸಿ, ಭಾರದಲ್ಲಿ ಒತ್ತಿ ನೇರ ಮಾಡಿ, ಹರಿದದ್ದನ್ನು ಜೋಡಿಸಿಕೊಂಡು ಬಂದಿದ್ದೇನೆ. ಈ ಕೆಲಸದ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಒಣ ಹವೆಯ ಊರಿನವರದ್ದು. ನಮ್ಮ ಕಾಸರಗೋಡಿನಲ್ಲಿ ಕಾಗದಕ್ಕೆ ಮುಖ್ಯ ಶತ್ರು ಗಾಳಿಯಲ್ಲಿರುವ ನೀರು. ಒಳಹಾಳೆಯ ನ್ಯೂಸ್‌ಪ್ರಿಂಟು ಬೇಗ ತೇವ ಕುಡಿಯುತ್ತದೆ. ಹೊಳಪಿನ ಮುಖಪುಟ ನಿಧಾನ. ಎರಡೂ ಬೇರೆ ಬೇರೆ ಅಳತೆಯಲ್ಲಿ ಉಬ್ಬುತ್ತವೆ, ಅದಕ್ಕೇ ಪುಸ್ತಕ ಅಲೆಅಲೆಯಾಗಿ ಏಳುವುದು. ಪಿನ್ನು ತುಕ್ಕು ಹಿಡಿಯುವುದೂ ಅದೇ ನೀರಿನಿಂದ.

ಹಾಗಾಗಿ ಮೊದಲ ಕೆಲಸ ಒಣಗಿಸುವುದು. ಅಡಿಕೆ ಹರಡಿದ ಹಾಗೆ ಅಂಗಳದ ಬಿಸಿಲಿಗೆ ಹರಡಬೇಡಿ, ಬಣ್ಣ ಹಾರುತ್ತದೆ, ಹಾಳೆ ಕೆಂಪಗಾಗುತ್ತದೆ. ಗಾಳಿಯಾಡುವ ಕೋಣೆಯ ನೆರಳಲ್ಲಿ ಒಂದೊಂದಾಗಿ ಬಿಡಿಸಿಡಿ. ಬೂಷ್ಟು ಇದ್ದವನ್ನು ಬೇರೆ ಮಾಡಿ. ಅವು ಪೂರ್ತಿ ಒಣಗಿದ ಮೇಲೆ ಮಾಸ್ಕ್ ಹಾಕಿ, ಮನೆಯ ಹೊರಗೆ ಕೂತು ಮೆತ್ತನೆ ಬ್ರಷ್‌ನಲ್ಲಿ ಉದುರಿಸಿ. ಒದ್ದೆ ಇರುವಾಗ ಒರೆಸಿದರೆ ಬೂಷ್ಟು ಹಾಳೆಯೊಳಗೇ ಹರಡುತ್ತದೆ.

ಒತ್ತುವ ಕೆಲಸವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡಲೇಬೇಡಿ. ತೇವ ಇರುವ ಹೊಳಪಿನ ಮುಖಪುಟ ಬಿಸಿಗೆ ಸಿಕ್ಕರೆ ಪಕ್ಕದ ಕಾಗದಕ್ಕೆ ಅಂಟಿಕೊಳ್ಳುತ್ತದೆ. ಸರಿಯಾಗಿ ಬಂದರೂ ಹೊರಗಿಟ್ಟ ಕೂಡಲೇ ಮತ್ತೆ ನೀರು ಕುಡಿದು ಬಾಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಒತ್ತುವುದರಿಂದ ಸರಿಹೋಗುವುದು ಆಕಾರ ಮಾತ್ರ. ಬಾಗು, ಅಲೆ, ಬೆರಳಿನ ಗುಳಿ, ಬಣ್ಣ ಒಡೆಯದ ಮಡಿಕೆ ಹೋಗುತ್ತವೆ. ಬಣ್ಣ ಒಡೆದು ಬಿಳಿ ಗೆರೆ ಕಾಣುತ್ತಿದ್ದರೆ ಅಲ್ಲಿ ಶಾಯಿಯೇ ಇಲ್ಲ, ಎಷ್ಟು ಒತ್ತಿದರೂ ಬರುವುದಿಲ್ಲ. ಬೇರೆ ದೇಶಗಳಲ್ಲಿ ಫೋಟೊ ಅಂಟಿಸುವ ಡ್ರೈ ಮೌಂಟ್ ಪ್ರೆಸ್ ಬಳಸುತ್ತಾರೆ. ನಮ್ಮಲ್ಲಿ ಟೀ ಶರ್ಟ್‌ಗೆ ಚಿತ್ರ ಒತ್ತುವ ಹೀಟ್ ಪ್ರೆಸ್ ಸಿಗುತ್ತದೆ. ಅಂಗಡಿಯವರು ಅದನ್ನು 180 ಡಿಗ್ರಿಗೆ ಇಟ್ಟಿರುತ್ತಾರೆ, ನಮಗೆ ಬೇಕಾದದ್ದು 65ರಿಂದ 75. ಪುಸ್ತಕದ ಮೇಲೂ ಕೆಳಗೂ ಸಿಲಿಕೋನ್ ಲೇಪದ ಬೇಕಿಂಗ್ ಪೇಪರ್ ಇಡಬೇಕು. ಬಟರ್ ಪೇಪರ್ ಬೇಡ, ಕೆಲವಕ್ಕೆ ಮೇಣ ಹಚ್ಚಿರುತ್ತಾರೆ, ಅದು ಕರಗುತ್ತದೆ. ಪಿನ್ನಿನ ಅಚ್ಚು ಮುಖಪುಟದಲ್ಲಿ ಮೂಡದಂತೆ ಒಳಗೆ ಒಂದು ತೆಳು ರಟ್ಟು ಇಡಿ. ಒತ್ತಿದ ಕೂಡಲೇ ತೆಗೆಯಬೇಡಿ, ಭಾರದ ಕೆಳಗೇ ಪೂರ್ತಿ ತಣಿಯಲಿ. ಬೆಲೆಯಿಲ್ಲದ ಹಳೆಯ ವಾರಪತ್ರಿಕೆಯ ಮೇಲೆ ಮೊದಲು ಪ್ರಯೋಗ ಮಾಡಿ ನೋಡಿ.

ಯಂತ್ರ ಇಲ್ಲದಿದ್ದರೂ ಚಿಂತೆ ಇಲ್ಲ. ಎರಡು ನುಣುಪು ಹಲಗೆಗಳ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕಗಳ ಭಾರ ಹೇರಿ ಕೆಲವು ವಾರ ಬಿಟ್ಟರೆ ಅರ್ಧಕ್ಕಿಂತ ಜಾಸ್ತಿ ಬಾಗು ಹೋಗುತ್ತದೆ. ನಿಮ್ಮ ಟ್ರಂಕಿನ ಹೆಚ್ಚಿನ ಪುಸ್ತಕಗಳಿಗೆ ನಾನು ಹೇಳುವುದು ಇದನ್ನೇ. ಮುಟ್ಟಿದರೆ ಅಂಚು ಪುಡಿ ಉದುರುವ ಪುಸ್ತಕವನ್ನಂತೂ ಬಿಸಿಗೆ ಒಡ್ಡಲೇಬಾರದು.

ಹರಿದ ಜಾಗಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ. ಅದರ ಗೋಂದು ಕಾಗದಕ್ಕೆ ಇಳಿದು ಹಳದಿಯಾಗಿ, ಆಮೇಲೆ ತೆಗೆಯಲು ಬರುವುದಿಲ್ಲ. ಲ್ಯಾಮಿನೇಷನ್ ಇನ್ನೂ ಕೆಟ್ಟದು. ತೆಳು ಜಪಾನಿ ಟಿಶ್ಯೂ ಕಾಗದ ಮತ್ತು ಗೋಧಿ ಪಿಷ್ಟದ ಅಂಟು ಸರಿಯಾದ ದಾರಿ, ಏಕೆಂದರೆ ಅದನ್ನು ನೀರಿನಲ್ಲಿ ನೆನೆಸಿ ಬಿಡಿಸಬಹುದು. ಮೈದಾ ಅಂಟು ಹಾಕಿದರೆ ಹುಳ ಬರುತ್ತದೆ. ಸ್ಕೆಚ್ ಪೆನ್ನಿನಲ್ಲಿ ಬಣ್ಣ ತುಂಬುವುದು, ಅಂಚು ಕತ್ತರಿಸಿ ನೇರ ಮಾಡುವುದು, ಇವೆರಡನ್ನೂ ಮಾಡಬೇಡಿ. ಮಾಡಿದವರು ಅದನ್ನು ಹೇಳದೆ ಮಾರಿದರೆ ಅದು ಮೋಸವೇ.

ಇನ್ನು ಗ್ರೇಡಿಂಗ್. ಹೆಚ್ಚು ಹೆಸರಾದದ್ದು ಅಮೆರಿಕದ ಫ್ಲಾರಿಡಾದಲ್ಲಿರುವ ಸಿಜಿಸಿ ಎಂಬ ಸಂಸ್ಥೆ, 2000ದಲ್ಲಿ ಶುರುವಾಯಿತು. 0.5ರಿಂದ 10ರವರೆಗೆ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತಾರೆ. ಬರಿ ಒತ್ತಿದ್ದನ್ನು ಅವರು ದುರಸ್ತಿ ಎಂದು ಲೆಕ್ಕ ಹಾಕುವುದಿಲ್ಲ. ಬಣ್ಣ ತುಂಬಿದ್ದು ಕಂಡರೆ ದುರಸ್ತಿಯಾದದ್ದು ಎಂಬ ನೇರಳೆ ಚೀಟಿ ಬೀಳುತ್ತದೆ, ಬೆಲೆಯೂ ಇಳಿಯುತ್ತದೆ. ತುಕ್ಕಿನ ಕಲೆ, ಬೆನ್ನು ಸೀಳು ಇರುವ ನಮ್ಮ ಕರಾವಳಿಯ ಪ್ರತಿಗಳು ನನ್ನ ಅಂದಾಜಿನಲ್ಲಿ ಐದರ ಕೆಳಗೇ ನಿಲ್ಲುತ್ತವೆ. ಹೋಗಿ ಬರುವ ಅಂಚೆ, ವಿಮೆ, ಶುಲ್ಕ ಎಲ್ಲ ಸೇರಿಸಿ ನೋಡಿ. ನಾನಾದರೆ ಕಳಿಸುವುದಿಲ್ಲ. ಇಲ್ಲಿ ಕೊಳ್ಳುವವರಿಗೆ ಮುಖಪುಟ, ಬೆನ್ನು, ಪಿನ್ನು, ನಡುಹಾಳೆ ಇವುಗಳ ಒಳ್ಳೆ ಬೆಳಕಿನ ಫೋಟೊ ಮತ್ತು ಇದ್ದದ್ದು ಇದ್ದ ಹಾಗೆ ಬರೆದ ನಾಲ್ಕು ಸಾಲು ಸಾಕು.

ಬೆಲೆ ನಿಲ್ಲುವುದು ಸಂಚಿಕೆ ಯಾವುದು ಎಂಬುದರ ಮೇಲೆ. ಇಂದ್ರಜಾಲ 1964ರಲ್ಲಿ ಶುರುವಾಗಿ 1990ರಲ್ಲಿ ನಿಂತಿತು. ಅಮರ ಚಿತ್ರಕಥೆ ಮತ್ತೆ ಮತ್ತೆ ಮುದ್ರಣವಾಗಿದೆ, ಹಾಗಾಗಿ ಒಳಪುಟದ ಮುದ್ರಣದ ವಿವರ, ಬೆಲೆ ನೋಡದೆ ಮೊದಲ ಮುದ್ರಣ ಎಂದುಕೊಳ್ಳಬೇಡಿ. ಅದರಲ್ಲಿ ಕೃಷ್ಣನ ಕಥೆಗೆ ಮೊದಲು ಇದ್ದ ಸಂಖ್ಯೆ 11. ಅದರ ಹಿಂದಿನ ಹತ್ತು ಸಂಚಿಕೆಗಳು ವಿದೇಶಿ ಕಥೆಗಳು. ಅವುಗಳ ಹಳೆಯ ಕನ್ನಡ ಪ್ರತಿ ನಿಮ್ಮ ಟ್ರಂಕಿನಲ್ಲಿ ಇದ್ದರೆ ಯಾರಿಗೂ ಅವಸರದಲ್ಲಿ ಕೊಡಬೇಡಿ.

ಮುಖಪುಟದ ಮೇಲೆ ಶಾಲೆಯದ್ದೋ ವಾಚನಾಲಯದ್ದೋ ಮೊಹರು ಇದ್ದರೆ ಅಳಿಸಬೇಡಿ. ಗ್ರೇಡ್ ಕೊಡುವವರಿಗೆ ಅದು ದೋಷ. ನನಗೆ ಅದು 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಇಲ್ಲಿನ ಮಕ್ಕಳು ಕನ್ನಡದಲ್ಲಿ ಏನೇನು ಓದಿದರು ಎಂಬುದಕ್ಕೆ ಸಾಕ್ಷಿ. ಅಂಥ ಪ್ರತಿಗೆ ನಾನು ಜಾಸ್ತಿ ದುಡ್ಡು ಕೊಟ್ಟೇನು.

ಇಡುವುದಕ್ಕೆ ಪಾಲಿಯೆಸ್ಟರ್ ಕವರು, ಹಿಂದೆ ಆಮ್ಲವಿಲ್ಲದ ರಟ್ಟು. ಪಿವಿಸಿ ಕವರು ಬೇಡ. ಕಬ್ಬಿಣದ ಟ್ರಂಕಿಗೆ ಮತ್ತೆ ಹಾಕಬೇಡಿ, ಅಟ್ಟಕ್ಕೂ ಬೇಡ. ಒಳಗೋಡೆಯ ಪಕ್ಕದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಇಟ್ಟು ಮಳೆಗಾಲದಲ್ಲಿ ಆಗಾಗ ಬದಲಾಯಿಸಿ. ತುಕ್ಕು ಹಿಡಿದ ಪಿನ್ನನ್ನು ಈಗಲೇ ಕೀಳಬೇಡಿ. ಯಾವ ಪುಸ್ತಕದಲ್ಲಿ ತುಕ್ಕು ಕಾಗದವನ್ನೇ ತಿಂದಿದೆಯೋ ಅದರ ಬೆನ್ನಿನ ಮತ್ತು ನಡುಹಾಳೆಯ ಫೋಟೊ ಇಲ್ಲೇ ಹಾಕಿ, ಕೀಳಬೇಕೋ ಬಿಡಬೇಕೋ ನೋಡಿ ಹೇಳುತ್ತೇನೆ.