ಟ್ಯೂಬ್ ಬಂದ್ ಎಂದು ರಿಪೋರ್ಟ್ ಬಂದಿದೆ, ಮುಂದೇನು?

ಪ್ರಶ್ನೆ: ನನಗೆ 29 ವರ್ಷ. ಮದುವೆಯಾಗಿ ಮೂರು ವರ್ಷವಾದರೂ ಗರ್ಭ ನಿಂತಿಲ್ಲ. ಗರ್ಭಕೋಶದೊಳಗೆ ದ್ರವ ಬಿಟ್ಟು ತೆಗೆಯುವ ಎಚ್‌ಎಸ್‌ಜಿ ಎಕ್ಸ್‌ರೇಯಲ್ಲಿ ಬಲಗಡೆಯ ಗರ್ಭನಾಳ ಬುಡದಲ್ಲೇ ಬಂದ್ ಎಂದು ಬಂದಿದೆ. ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾದಲ್ಲಿ ನೋಡುವ ಲ್ಯಾಪರೊಸ್ಕೋಪಿ ಮಾಡಿಸಿ ಎನ್ನುತ್ತಾರೆ ಒಬ್ಬ ವೈದ್ಯರು, ನೊರೆ ಬಿಟ್ಟು ಸ್ಕ್ಯಾನ್ ಮಾಡೋಣ ಎನ್ನುತ್ತಾರೆ ಇನ್ನೊಬ್ಬರು. ಎಕ್ಸ್‌ರೇ ದಿನ ನೋವು ತಡೆಯಲಾಗಲಿಲ್ಲ. ಮತ್ತೆ ಅದೇ ಪಾಡೇ?
– ಓದುಗರು, ಹಾವೇರಿ

ಉತ್ತರ: ನೋವು ಅಷ್ಟಿತ್ತು ಎಂಬುದೇ ಇಲ್ಲಿ ಸುಳಿವು. ನಾಳ ಶುರುವಾಗುವ ಜಾಗದಲ್ಲಿ ಅದರ ಒಳದಾರಿ ಹೆಚ್ಚೆಂದರೆ ಒಂದು ಮಿಲಿಮೀಟರ್, ಸುತ್ತಲೂ ಗರ್ಭಕೋಶದ ಸ್ನಾಯು. ದ್ರವವನ್ನು ರಭಸದಿಂದ ತಳ್ಳಿದರೆ ಸ್ನಾಯು ಬಿಗಿಯುತ್ತದೆ, ತೆರೆದಿದ್ದ ನಾಳವೂ ಆ ಹೊತ್ತಿಗೆ ಮುಚ್ಚಿದಂತೆ ಕಾಣುತ್ತದೆ. ಲೋಳೆ ಸಿಕ್ಕಿಕೊಂಡಿದ್ದರೂ, ದ್ರವವೆಲ್ಲ ಸಲೀಸಾದ ಎಡಗಡೆಗೇ ಹರಿದರೂ ರಿಪೋರ್ಟ್ ಹಾಗೇ ಬರುತ್ತದೆ. ಹಾಗಾಗಿ ಬುಡದ ಒಂದು ಬದಿಯ ಬ್ಲಾಕ್ ಎಂದ ಮಾತ್ರಕ್ಕೆ ಆಪರೇಷನ್ ಟೇಬಲ್ ಹತ್ತುವ ಅವಸರ ಬೇಡ. ಅದಕ್ಕಿಂತ ಮೊದಲು ನೊರೆ ಸ್ಕ್ಯಾನ್ ಆಗಲಿ, ಅಂದರೆ ನೊರೆ ಬಿಟ್ಟು ಅಲ್ಟ್ರಾಸೌಂಡ್‌ನಲ್ಲಿ ನಾಳ ನೋಡುವ ಹೈಫೋಸಿ.

28 ದಿನದ ಚಕ್ರವಿದ್ದರೆ ರಕ್ತಸ್ರಾವ ನಿಂತ ಮೇಲೆ, ಮುಟ್ಟಾದ ಮೊದಲ ದಿನದಿಂದ ಎಣಿಸಿ 6ರಿಂದ 10ನೇ ದಿನದೊಳಗೆ ಮಾಡಿಸಿ. ಮುಟ್ಟಾದಾಗಿನಿಂದ ಪರೀಕ್ಷೆ ಮುಗಿಯುವವರೆಗೆ ದೈಹಿಕ ಸಂಪರ್ಕ ಬೇಡ. ವಾಸನೆಯ ಬಿಳಿಸೆರಗು, ಜ್ವರ, ಕಿಬ್ಬೊಟ್ಟೆ ನೋವಿದ್ದರೆ ಮುಂದೂಡಬೇಕು, ಇಲ್ಲವಾದರೆ ಸೋಂಕನ್ನು ನಾವೇ ಮೇಲಕ್ಕೆ ತಳ್ಳಿದಂತೆ. ನೋವಿನ ಮಾತ್ರೆ ಒಂದು ಗಂಟೆ ಮೊದಲು. ಸಾಮಾನ್ಯವಾಗಿ ಐಬುಪ್ರೊಫೆನ್ 400 ಮಿ.ಗ್ರಾಂ. ಅಲ್ಸರ್, ಆಸ್ತಮಾ, ಕಿಡ್ನಿ ತೊಂದರೆಯಿದ್ದರೆ ಅದು ಬೇಡ, ಬೇರೆ ಮಾತ್ರೆ ಕೇಳಿ.

ಮೂತ್ರ ಮಾಡಿ ಮಲಗಿದ ಮೇಲೆ ಗರ್ಭಕಂಠದೊಳಗೆ ತೆಳು ಕೊಳವೆ (ಕ್ಯಾತಿಟರ್) ಸೇರಿಸುತ್ತಾರೆ. 5 ಮಿ.ಲೀ. ಜೆಲ್, 5 ಮಿ.ಲೀ. ಶುದ್ಧ ನೀರನ್ನು ಎರಡು ಸಿರಿಂಜಿನ ನಡುವೆ ಹಿಂದೆ ಮುಂದೆ ತಳ್ಳಿದರೆ ನೊರೆಯಾಗುತ್ತದೆ; ಅದು ಚೆನ್ನಾಗಿ ನಿಲ್ಲುವುದು ಸುಮಾರು ಐದು ನಿಮಿಷ. ಸಾಮಾನ್ಯವಾಗಿ ಕೆಲವೇ ಮಿ.ಲೀ. ಸಾಕು. ನಿಧಾನವಾಗಿ ಬಿಡಬೇಕು, ಹೋಗದಿದ್ದರೆ ಎರಡು ನಿಮಿಷ ಕಾದು ಮತ್ತೆ ಬಿಡಬೇಕು. ಎಕ್ಸ್‌ರೇಗಿಂತ ನೋವು ಕಡಿಮೆ; ಹೊಟ್ಟೆ ಹಿಂಡುವುದಂತೂ ಇರುತ್ತದೆ. ವಿಕಿರಣವಿಲ್ಲ, ಎಕ್ಸ್‌ರೇ ದ್ರವದಲ್ಲಿರುವ ಅಯೋಡಿನ್ ಕೂಡ ಇಲ್ಲ.

ನೊರೆ ಬೆಳ್ಳಗಿನ ಗೆರೆಯಾಗಿ ನಾಳದುದ್ದಕ್ಕೂ ಓಡಿ ಅಂಡಾಶಯದ ಸುತ್ತ ಚೆಲ್ಲುವುದು ಕಂಡರೆ ಆ ಬದಿ ತೆರೆದಿದೆ. ಗರ್ಭಕೋಶದ ಹಿಂದೆ ದ್ರವ ಕಂಡಿತು ಎಂದಷ್ಟೇ ಬರೆದ ರಿಪೋರ್ಟ್ ನಿಮಗೆ ಸಾಲದು, ಯಾವ ನಾಳ ಎಂಬುದು ಅದರಿಂದ ತಿಳಿಯುವುದಿಲ್ಲ. ಎಡ, ಬಲ ಬೇರೆಬೇರೆ ಬರೆಸಿಕೊಳ್ಳಿ. ಕರುಳಿನ ಗ್ಯಾಸ್ ಕೂಡ ಬೆಳ್ಳಗೇ ಕಾಣುವುದರಿಂದ ನೋಡುವವರ ಕೈ ಪಳಗಿರಬೇಕು.

ಮುಗಿದ ಮೇಲೆ ಕಾಲು ಗಂಟೆ ಮಲಗಿರಿ. ಕೆಲವರಿಗೆ ತಲೆ ತಿರುಗುತ್ತದೆ. ಒಂದೆರಡು ದಿನ ರಕ್ತದ ಕಲೆ ಕಂಡರೆ ಗಾಬರಿ ಬೇಡ. ಜ್ವರ ಬಂದರೆ, ನೋವು ಏರುತ್ತಿದ್ದರೆ ಅಂದೇ ವೈದ್ಯರಲ್ಲಿಗೆ ಹೋಗಿ.

ನಾಳ ಹೊರಗಡೆ ಅಕ್ಕಪಕ್ಕದ ಅಂಗಗಳಿಗೆ ಅಂಟಿಕೊಂಡಿದ್ದರೆ ಅದು ನೊರೆಯಲ್ಲಿ ಕಾಣಿಸುವುದಿಲ್ಲ. ಹಿಂದೆ ಕ್ಷಯ ಬಂದಿದ್ದರೆ, ನಾಳದಲ್ಲಿ ನೀರು ತುಂಬಿ ಊದಿದ್ದರೆ ಅಥವಾ ಎರಡೂ ಕಡೆ ನೊರೆ ಹೋಗದಿದ್ದರೆ ಲ್ಯಾಪರೊಸ್ಕೋಪಿ ಸಲಹೆ ಸರಿಯೇ. ಗಂಡನ ವೀರ್ಯ ಪರೀಕ್ಷೆ ಆಗಿದೆಯೇ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಅದು ನೋವಿಲ್ಲದ, ಕಡಿಮೆ ಖರ್ಚಿನ ಪರೀಕ್ಷೆ. ಇದೆಲ್ಲಕ್ಕಿಂತ ಮೊದಲು ಆಗಬೇಕಾದದ್ದು.